ಕೈಗೆ ಹದ ಕಲಿಸುವ ಯಂತ್ರಗಳು

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು ರೈತ ಬಾಂಧವರಿಗೆ ತಿಳಿದ ವಿಷಯ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯಲ್ಲಿ ರಾಶಿ ಹಾಕಿದ ಕಾಯನ್ನು ಕೊಳ್ಳುವ ಅನುಭವಸ್ಥರು ಮೊದಲು ಒಂದು ಹಿಡಿ ಕೈಗೆ ತೆಗೆದುಕೊಳ್ಳುತ್ತಾರೆ. ಬೆರಳಿನಿಂದ ಅದುಮುತ್ತಾರೆ, ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಹಸಿಯೋ ಒಣಗಿದ್ದೋ, ಬಲಿತದ್ದೋ ಜೊಳ್ಳೋ ಎಂಬುದು ಅವರಿಗೆ ಕಣ್ಣಿಗಿಂತ ಮುಂಚೆ ಕೈಗೆ ತಿಳಿಯುತ್ತದೆ.

ಬೇಸಾಯದಲ್ಲಿ ಇಂಥ ಕೈಯ ಜ್ಞಾನ ಬಹಳವಿದೆ. ಬಿತ್ತನೆಗೆ ಮಣ್ಣು ಹದಕ್ಕೆ ಬಂದಿದೆಯೇ, ಹಸುವಿನ ಕೆಚ್ಚಲು ಗಟ್ಟಿಯಾಗಿದೆಯೇ, ಮಾವಿನ ಕಸಿ ಕಟ್ಟಿದ ಪಟ್ಟಿ ಸಾಕಷ್ಟು ಬಿಗಿಯಾಗಿದೆಯೇ ಎಂಬುದನ್ನು ಪುಸ್ತಕದಲ್ಲಿ ಬರೆಯಬಹುದು, ಆದರೆ ಬರಹದಿಂದ ಕೈ ಕಲಿಯುವುದಿಲ್ಲ. ರೇಡಿಯೋ ನಮಗೆ ಧ್ವನಿಯನ್ನು ತಂದುಕೊಟ್ಟಿತು. ದೂರದರ್ಶನ ಮತ್ತು ಮೊಬೈಲು ಚಿತ್ರವನ್ನು ತಂದವು. ಉಳಿದಿರುವುದು ಸ್ಪರ್ಶ. ಯಂತ್ರದ ಮೂಲಕ ಕೈಗೆ ಸ್ಪರ್ಶದ ಅನುಭವ ಕೊಡುವ ವಿದ್ಯೆಯನ್ನು ಸ್ಪರ್ಶ ತಂತ್ರಜ್ಞಾನ ಅಥವಾ ಹ್ಯಾಪ್ಟಿಕ್ಸ್ ಎನ್ನುತ್ತಾರೆ. ಇದು ರೈತರಿಗೆ ಏಕೆ ಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಚರ್ಮ ಅರಿಯುವ ಬಗೆ

ನಮ್ಮ ಅಂಗೈ ಮತ್ತು ಬೆರಳುಗಳ ಚರ್ಮದಲ್ಲಿ ಸುಮಾರು 17,000 ಸ್ಪರ್ಶ ಗ್ರಾಹಕಗಳಿವೆ. ಇವುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಒಂದು ಬಗೆಯವು ಒತ್ತಡವನ್ನೂ ಅಂಚುಗಳನ್ನೂ ಗುರುತಿಸುತ್ತವೆ. ಇನ್ನೊಂದು ಬಗೆಯವು ಕೈಯಿಂದ ವಸ್ತು ಜಾರುವುದನ್ನು ತಿಳಿಸುತ್ತವೆ. ಮೂರನೆಯವು ಚರ್ಮದ ಎಳೆತವನ್ನೂ, ನಾಲ್ಕನೆಯವು ಕಂಪನವನ್ನೂ ಅರಿಯುತ್ತವೆ. ಸೆಕೆಂಡಿಗೆ ಸುಮಾರು 250 ಸಲ ನಡುಗುವ ಕಂಪನ ಬೆರಳಿಗೆ ಬಹಳ ಚೆನ್ನಾಗಿ ತಿಳಿಯುತ್ತದೆ. ಶಾಖ ಮತ್ತು ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಯಂತ್ರ ಕೆಲಸ ಮಾಡುವ ಬಗೆ

ಈಗ ಬಳಕೆಯಲ್ಲಿರುವ ವಿಧಾನಗಳಲ್ಲಿ ಮೂರು ಮುಖ್ಯವಾದವು.

1. ಕಂಪನ: ನಿಮ್ಮ ಜೇಬಿನಲ್ಲಿರುವ ಮೊಬೈಲು ನಡುಗುವುದನ್ನು ನೀವು ಗಮನಿಸಿರಬಹುದು. ಅದರೊಳಗೆ ಒಂದು ಪುಟ್ಟ ಮೋಟಾರಿನ ಅಚ್ಚಿಗೆ ಒಂದೇ ಪಕ್ಕಕ್ಕೆ ಭಾರ ಕೂರಿಸಿರುತ್ತಾರೆ. ಒಂದು ಕಡೆ ಭಾರವಾದ ಗಾಲಿ ತಿರುಗುವಾಗ ಇಡೀ ಗಾಡಿ ಅಲುಗುವಂತೆ ಮೊಬೈಲು ಅಲುಗುತ್ತದೆ. ಕೆಲವು ಮೊಬೈಲುಗಳಲ್ಲಿ ಮೋಟಾರಿನ ಬದಲು ಸ್ಪ್ರಿಂಗಿಗೆ ಕಟ್ಟಿದ ತೂಕ ಹಿಂದೆ ಮುಂದೆ ಓಡುತ್ತದೆ.

2. ಎದುರೊತ್ತು: ಒಂದು ಯಂತ್ರದ ತೋಳಿನ ತುದಿಗೆ ಬೆರಳು ತೂರಿಸುವ ಕುಪ್ಪಿಗೆ ಇರುತ್ತದೆ. ಬೆರಳು ಎಲ್ಲಿದೆಯೆಂದು ಗಣಕಯಂತ್ರ ಲೆಕ್ಕ ಹಾಕಿ, ಅಲ್ಲಿ ಗಟ್ಟಿ ವಸ್ತು ಇರಬೇಕಾದರೆ ಮೋಟಾರುಗಳಿಂದ ಬೆರಳನ್ನು ತಡೆಯುತ್ತದೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳಿದ್ದರೆ ಕಣ್ಣಿಗೆ ಸಾಕು. ಕೈಯನ್ನು ನಂಬಿಸಲು ಈ ಲೆಕ್ಕವನ್ನು ಸೆಕೆಂಡಿಗೆ ಸುಮಾರು 1,000 ಸಲ ಮಾಡಬೇಕಾಗುತ್ತದೆ. ಇಂಥ ಹೆಸರಾಂತ ಯಂತ್ರವೊಂದನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ ಥಾಮಸ್ ಮ್ಯಾಸಿ ಮತ್ತು ಕೆನೆತ್ ಸ್ಯಾಲಿಸ್‌ಬರಿ 1990ರ ದಶಕದಲ್ಲಿ ರೂಪಿಸಿದರು.

3. ಗಾಜಿನ ಮೇಲಿನ ತರಿ: ಗಾಜಿನ ಪರದೆಯ ಮೇಲೆ ತೆಳುವಾದ ಪದರವಿಟ್ಟು ಅದಕ್ಕೆ ವಿದ್ಯುತ್ತು ಕೊಟ್ಟರೆ ಬೆರಳಿಗೂ ಗಾಜಿಗೂ ನಡುವಿನ ಘರ್ಷಣೆ ಹೆಚ್ಚುಕಡಿಮೆಯಾಗುತ್ತದೆ. ನುಣುಪಾದ ಗಾಜು ಒಂದೆಡೆ ತರಿತರಿಯಾಗಿ, ಇನ್ನೊಂದೆಡೆ ನಯವಾಗಿ ತೋರುತ್ತದೆ.

ಕಾಣದ ಹಸುವಿನ ಪಾಠ

ಹೈನುಗಾರಿಕೆ ಮಾಡುವ ರೈತರು ಈ ಭಾಗವನ್ನು ಗಮನವಿಟ್ಟು ಓದಬೇಕು. ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಕೃತಕ ಗರ್ಭಧಾರಣೆ ಸರಿಯಾಗದೆ ಒಂದು ಸಲ ಗಬ್ಬ ಕಟ್ಟದಿದ್ದರೆ ಮತ್ತೆ ಅಷ್ಟು ದಿನ ಕಾಯಬೇಕು. ಮೇವು, ಹಿಂಡಿಯ ಖರ್ಚು ಮಾತ್ರ ನಿಲ್ಲುವುದಿಲ್ಲ. ಗುದದ್ವಾರದ ಮೂಲಕ ಕೈ ಹಾಕಿ, ಕರುಳಿನ ಗೋಡೆಯ ಆಚೆಯಿರುವ ಗರ್ಭಕೊರಳನ್ನು ಹಿಡಿದು, ಇನ್ನೊಂದು ಕೈಯಿಂದ ನಳಿಕೆಯನ್ನು ಸರಿಯಾದ ಜಾಗಕ್ಕೆ ಒಯ್ಯುವುದು ಸಂಪೂರ್ಣವಾಗಿ ಸ್ಪರ್ಶದ ಕೆಲಸ. ಕಲಿಸುವವರಿಗೆ ಕಲಿಯುವವನ ಕೈ ಎಲ್ಲಿದೆಯೆಂದು ಕಾಣುವುದಿಲ್ಲ. ಕಲಿಯುವವನಿಗೆ ತಾನು ಮುಟ್ಟಿದ್ದು ಏನೆಂದು ತಿಳಿಯುವುದಿಲ್ಲ. ನಡುವೆ ನೋವು ತಿನ್ನುವುದು ಹಸು, ನಷ್ಟ ತಿನ್ನುವುದು ಅದರ ಒಡೆಯ.

ಇದಕ್ಕೆ ಬ್ರಿಟನ್ನಿನ ಪಶುವೈದ್ಯೆ ಸಾರಾ ಬೈಲಿ ಅವರು 2000ರ ನಂತರದ ವರ್ಷಗಳಲ್ಲಿ ಒಂದು ಪರಿಹಾರ ಕಂಡುಕೊಂಡರು. ಹಸುವಿನ ಹಿಂಭಾಗದ ಮಾದರಿಯೊಂದನ್ನು ಮಾಡಿ, ಅದರೊಳಗೆ ಮೇಲೆ ಹೇಳಿದ ಎದುರೊತ್ತಿನ ಯಂತ್ರವನ್ನು ಇರಿಸಿದರು. ವಿದ್ಯಾರ್ಥಿ ಕೈ ಹಾಕಿದಾಗ ಗರ್ಭಕೋಶ, ಅಂಡಾಶಯಗಳು ಇದ್ದಂತೆಯೇ ಬೆರಳಿಗೆ ತಗಲುತ್ತವೆ. ಅವನು ಮುಟ್ಟಿದ ಜಾಗ ಪಕ್ಕದ ಪರದೆಯ ಮೇಲೆ ಶಿಕ್ಷಕರಿಗೆ ಕಾಣುತ್ತದೆ. ಹೀಗೆ ಕಲಿತವರು ನಿಜವಾದ ಹಸುವಿನಲ್ಲಿ ಗರ್ಭಕೋಶವನ್ನು ಹೆಚ್ಚು ಸುಲಭವಾಗಿ ಗುರುತಿಸಿದ್ದು ಪರೀಕ್ಷೆಯಿಂದ ತಿಳಿದುಬಂದಿದೆ. ಮಾದರಿ ಹಸುವಿನಲ್ಲಿ ನೂರು ಸಲ ತಪ್ಪಿದರೂ ಯಾರಿಗೂ ನಷ್ಟವಿಲ್ಲ ಎಂಬುದೇ ಇದರ ದೊಡ್ಡ ಲಾಭ.

ನಮ್ಮ ಬೆಂಗಳೂರಿನಲ್ಲಿ

ಮಲ್ಲೇಶ್ವರದ ಅಂಚಿನಲ್ಲಿ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಜನ ಇದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಅನ್ನನಾಳದೊಳಗೆ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯನ್ನು ವೈದ್ಯರು ರೋಗಿಯಿಲ್ಲದೆ ಕಲಿಯಲು ಬೇಕಾದ ಸ್ಪರ್ಶ ಯಂತ್ರದ ಸಂಶೋಧನೆ ಇಲ್ಲಿ ನಡೆಯಿತು. ಅದರಿಂದ ಮಿಮಿಕ್ ಎಂಬ ಉದ್ಯಮವೂ ಹುಟ್ಟಿತು. ವೈದ್ಯರಿಗೆ ಕೊಳವೆಯ ಎದುರೊತ್ತನ್ನು ಕಲಿಸುವ ವಿದ್ಯೆ ಪಶುವೈದ್ಯರ ಕೈಗೂ ಒಗ್ಗುವಂಥದು. ನೆರೆಯ ಐ.ಐ.ಟಿ. ಮದ್ರಾಸಿನಲ್ಲಿಯೂ ಸ್ಪರ್ಶಕ್ಕೆಂದೇ ಪ್ರಯೋಗಾಲಯವಿದ್ದು, ಗಾಜಿನ ಪರದೆಯ ಮೇಲೆ ತರಿ ಮೂಡಿಸುವ ಕೆಲಸ ನಡೆದಿದೆ.

ಸ್ಪರ್ಶವೇ ಕಣ್ಣಾದವರನ್ನು ಇಲ್ಲಿ ಮರೆಯಬಾರದು. ಲೂಯಿ ಬ್ರೈಲ್ ರೂಪಿಸಿದ ಆರು ಚುಕ್ಕಿಗಳ ಲಿಪಿಯಲ್ಲಿ ಕನ್ನಡವನ್ನೂ ಓದಬಹುದು. ಮೊದಲನೆಯ ಚುಕ್ಕಿ ಒಂದೇ ಇದ್ದರೆ 'ಅ', ಒಂದು ಮತ್ತು ಮೂರನೆಯವು ಇದ್ದರೆ 'ಕ'. ಇದನ್ನು ಕಲಿಸಲು ಶಿಕ್ಷಕರು ಪ್ರತಿ ಮಗುವಿನ ಬೆರಳು ಹಿಡಿದು ಕೂರಬೇಕಾಗಿತ್ತು. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ತಯಾರಿಸಿದ 'ಆ್ಯನಿ' ಎಂಬ ಯಂತ್ರದಲ್ಲಿ ಚುಕ್ಕಿಗಳು ತಾವೇ ಮೇಲೇಳುತ್ತವೆ, ಧ್ವನಿಯು ಅಕ್ಷರವನ್ನು ಹೇಳುತ್ತದೆ, ಮಗು ಬರೆದದ್ದು ತಪ್ಪಾದರೆ ಆಗಲೇ ತಿಳಿಸುತ್ತದೆ. ಹಳ್ಳಿಯಲ್ಲಿ ದೃಷ್ಟಿಯಿಲ್ಲದ ಮಗುವನ್ನು ಮನೆಯ ಮೂಲೆಯಲ್ಲಿ ಕೂರಿಸುವ ಕಾಲ ಹೋಗಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

ಕಲೆಗೂ ಇದರ ನಂಟಿದೆ. ವೀಣೆ ಕಲಿಯುವ ಹುಡುಗಿ ತಂತಿಯನ್ನು ಎಳೆದಾಗ ತಂತಿಯೂ ಅವಳ ಬೆರಳನ್ನು ಎಳೆಯುತ್ತದೆ. ಆ ಎಳೆತದಿಂದಲೇ ಗಮಕದ ಅಳತೆ ಕೈಗೆ ಹತ್ತುತ್ತದೆ. ಪರದೆಯ ಮೇಲಿನ ವೀಣೆ ಸ್ವರ ಕೊಡುತ್ತದೆ, ಎಳೆತ ಕೊಡುವುದಿಲ್ಲ. ಗಣಕಯಂತ್ರದಲ್ಲಿ ಜೇಡಿಮಣ್ಣು ತಿದ್ದಿದಂತೆ ಮೂರ್ತಿ ರಚಿಸುವ ಯಂತ್ರಗಳು ಈಗಾಗಲೇ ಬಂದಿವೆ. ವಾದ್ಯಗಳಿಗೂ ಅದನ್ನು ಹೊಂದಿಸುವ ಪ್ರಯತ್ನಗಳು ನಡೆದಿವೆ.

ಮಿತಿಗಳು

ಈ ಯಂತ್ರಗಳಿಗೆ ಬೆಲೆ ಹೆಚ್ಚು. ಒಂದು ಬೆರಳಿಗೆ ಎದುರೊತ್ತು ಕೊಡುವುದು ಸಾಧ್ಯವಾಗಿದೆ, ಇಡೀ ಅಂಗೈಗೆ ತೇವ, ತಂಪು, ಜಿಗುಟು ಎಲ್ಲವನ್ನೂ ಒಟ್ಟಿಗೆ ಕೊಡುವುದು ಇನ್ನೂ ಕಷ್ಟ. ಹದವಾದ ಮಣ್ಣಿನ ಅನುಭವ ಈ ಮೂರೂ ಸೇರಿದ್ದು. ಆದುದರಿಂದ ಯಂತ್ರವು ಹೊಲವನ್ನು ಬದಲಿಸಲಾರದು. ತಪ್ಪಿದರೆ ಪ್ರಾಣಿಗೋ ಬೆಳೆಗೋ ಹಾನಿಯಾಗುವ ಕೆಲಸಗಳಲ್ಲಿ ಮೊದಲ ಪಾಠಕ್ಕೆ ಮಾತ್ರ ಅದು ಸೂಕ್ತ.

ನೀವು ಮಾಡಬಹುದಾದ ಕೆಲಸ

ಕೈಯ ಜ್ಞಾನವನ್ನು ಮಕ್ಕಳಿಗೆ ದಾಟಿಸಲು ಯಂತ್ರ ಬರುವವರೆಗೆ ಕಾಯಬೇಕಿಲ್ಲ. ಈ ಸರಳ ಪರೀಕ್ಷೆಯನ್ನು ಮನೆಯ ಹುಡುಗ ಹುಡುಗಿಯರಿಂದ ಮಾಡಿಸಿರಿ.

ಒಂದು ಹಿಡಿ ಮಣ್ಣಿನಿಂದ ಕಲ್ಲು, ಬೇರು ತೆಗೆದು, ನೀರು ಚಿಮುಕಿಸಿ ಕಣಕದ ಹದಕ್ಕೆ ನಾದಬೇಕು. ಉಂಡೆ ಕಟ್ಟಲು ಬಾರದಿದ್ದರೆ ಅದು ಮರಳು. ಉಂಡೆಯಾದರೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಂತೆ ಹೊರದೂಡಬೇಕು. ಪಟ್ಟಿ 2.5 ಸೆಂಟಿಮೀಟರ್ ಆಗುವ ಮೊದಲೇ ಮುರಿದರೆ ಗೋಡು, 2.5ರಿಂದ 5 ಸೆಂಟಿಮೀಟರ್ ಬಂದರೆ ಜೇಡಿಗೋಡು, ಅದಕ್ಕೂ ಉದ್ದ ಬಂದರೆ ಜೇಡಿಮಣ್ಣು. ಬೆರಳಿಗೆ ತರಿ ಹತ್ತಿದರೆ ಮರಳಿನ ಅಂಶ ಹೆಚ್ಚು, ಹಿಟ್ಟಿನಂತೆ ನುಣುಪಾದರೆ ಹೂಳಿನ ಅಂಶ ಹೆಚ್ಚೆಂದು ತಿಳಿಯಬೇಕು. ಬೇರೆ ಬೇರೆ ಹೊಲದ ಮಣ್ಣನ್ನು ಡಬ್ಬಿಗಳಲ್ಲಿ ತುಂಬಿ, ಹೆಸರು ಬರೆದಿಟ್ಟು, ಕಣ್ಣು ಮುಚ್ಚಿ ಗುರುತಿಸಲು ಹೇಳಿರಿ. ಮನೆಯ ಹಿರಿಯರೇ ಇದಕ್ಕೆ ಶಿಕ್ಷಕರಾಗಲಿ.

ನಿಮ್ಮ ಊರಿನ ಯುವಕ ಯುವತಿಯರು ಕೃತಕ ಗರ್ಭಧಾರಣೆ, ಕಸಿ ಕಟ್ಟುವುದು ಮುಂತಾದ ತರಬೇತಿಗೆ ಹೊರಟರೆ, ಅಲ್ಲಿ ಮಾದರಿಗಳ ಮೇಲೆ ಕೈಯಾರೆ ಎಷ್ಟು ದಿನ ಅಭ್ಯಾಸ ಮಾಡಿಸುತ್ತಾರೆ ಎಂದು ಮೊದಲೇ ವಿಚಾರಿಸಿರಿ. ಕೇಳುವವರು ಹೆಚ್ಚಿದಂತೆ ಕಲಿಸುವ ಸಂಸ್ಥೆಗಳೂ ಇಂಥ ಸಾಧನಗಳತ್ತ ಗಮನ ಹರಿಸುತ್ತವೆ. ಕಲಿತ ಕೈ ಕೊಟ್ಟಿಗೆಗೆ ಬಂದರೆ ಹಸುವಿಗೂ ಹಿತ, ಮನೆಗೂ ಹಾಲು.