ರಾಜಹಂಸ ಮಂಡಲದ 61ನೆಯ ತಾರೆ

ಹೆಚ್ಚು ಬೆಳಗುವ ತಾರೆಯೇ ಹೆಚ್ಚು ಸಮೀಪದ್ದಾಗಿರಬೇಕೆಂಬ ಭಾವನೆ ಬಹುಕಾಲ ಖಗೋಲಜ್ಞರಲ್ಲಿಯೂ ಬಲವಾಗಿತ್ತು. ಅದನ್ನು ಸಡಿಲಿಸಿದ ತಾರೆಗಳಲ್ಲಿ ರಾಜಹಂಸ ಮಂಡಲದ ಮಸುಕಾದ, ಕಿತ್ತಳೆ ಬಣ್ಣದ ಒಂದು ತಾರೆಯು ಮುಖ್ಯವಾದುದು. ಅದಕ್ಕೆ ಸ್ವಂತ ಹೆಸರಿಲ್ಲ; ತಾರಾಪಟ್ಟಿಯ 61 ಎಂಬ ಕ್ರಮಸಂಖ್ಯೆಯೇ ಅದರ ಗುರುತು.

ಸ್ಥಿರವೆನಿಸಿಕೊಂಡ ನಕ್ಷತ್ರಗಳ ನಡುವೆ ಇದು ವರ್ಷಕ್ಕೆ ಐದು ವಿಕಲೆಗಳಿಗೂ ಹೆಚ್ಚಾಗಿ ಸರಿಯುತ್ತದೆಂಬುದನ್ನು 19ನೆಯ ಶತಮಾನದ ಆದಿಯಲ್ಲಿ ಸಿಸಿಲಿಯ ಪಿಯಾಜಿ ತೋರಿಸಿದನು. ಒಂದು ಅಂಶದ 3600ನೆಯ ಪಾಲೇ ವಿಕಲೆ. ಚಂದ್ರಬಿಂಬದಷ್ಟು ದೂರ ಸರಿಯಲು ಇದಕ್ಕೆ ಸುಮಾರು 350 ವರ್ಷ ಬೇಕು. ತಾರೆಗಳ ಲೆಕ್ಕದಲ್ಲಿ ಇದೇ ಮಹಾವೇಗ. ಹೀಗೆ ಸರಿಯುವುದು ಹತ್ತಿರದಲ್ಲಿಯೇ ಇರಬೇಕೆಂದು ಕೋನಿಗ್ಸ್‌ಬರ್ಗಿನ ಬೆಸೆಲ್ ತರ್ಕಿಸಿದನು. ಕಾಂತಿಯನ್ನು ಬಿಟ್ಟು ಚಲನೆಯನ್ನು ನೆಚ್ಚಿದುದೇ ಆತನ ವಿವೇಕ.

ಭೂಮಿಯು ಸೂರ್ಯನನ್ನು ಸುತ್ತುವಾಗ ಸಮೀಪದ ತಾರೆಯು ದೂರದ ತಾರೆಗಳೆದುರು ಅತ್ತಿತ್ತ ತುಸು ಓಲಾಡಿದಂತೆ ಕಾಣಬೇಕು. ಈ ಪಲ್ಲಟಕ್ಕೆ ಲಂಬನವೆಂದು ಹೆಸರು. ಬೆಸೆಲನು ಬಳಸಿದ ಹೀಲಿಯೋಮೀಟರಿನ ಮಸೂರವನ್ನು ನಡುವೆ ಸೀಳಲಾಗಿತ್ತು. ಒಂದು ಹೋಳನ್ನು ಜರುಗಿಸಿ ಎರಡು ತಾರೆಗಳ ಬಿಂಬಗಳನ್ನು ಒಂದಾಗಿಸಿದರೆ, ಜರುಗಿದ ಅಳತೆಯಿಂದಲೇ ಅವುಗಳ ಅಂತರ ದೊರೆಯುತ್ತಿತ್ತು. ಹಿನ್ನೆಲೆಯ ಎರಡು ಮಂದ ತಾರೆಗಳಿಂದ ಆತನು ವರ್ಷಕ್ಕೂ ಮೀರಿ ಅಳೆದು, 1838ರಲ್ಲಿ ಸುಮಾರು 0.31 ವಿಕಲೆಯ ಲಂಬನವನ್ನು ಪ್ರಕಟಿಸಿದನು. ಅಂಗುಲದಗಲದ ನಾಣ್ಯವೊಂದು ಸುಮಾರು 17 ಕಿಲೋಮೀಟರ್ ದೂರದಲ್ಲಿ ಕಾಣುವ ಕೋನವಿದು! ಅದರಿಂದ ಬಂದ ದೂರ ಹತ್ತೂವರೆ ಜ್ಯೋತಿರ್ವರ್ಷಗಳಿಗೆ ಸಮೀಪ. ಇಂದಿನ ನಿಖರ ಮಾಪನ 11.4.

ವಾಸ್ತವವಾಗಿ ಇದು ಒಂದಲ್ಲ, ಯಮಳ ತಾರೆ. ಎರಡೂ ಆರು ನೂರೈವತ್ತು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ ಪರಸ್ಪರ ಪರಿಭ್ರಮಿಸುತ್ತವೆ. ಹಿರಿದಾದುದು ಸೂರ್ಯನ ಬೆಳಕಿನ ಆರೇಳರಲ್ಲೊಂದು ಪಾಲನ್ನು, ಕಿರಿದು ಹನ್ನೆರಡರಲ್ಲೊಂದು ಪಾಲನ್ನು ಮಾತ್ರ ಬೀರುತ್ತವೆ. ಮೇಲ್ಮೈಯ ಉಷ್ಣತೆ ಸೂರ್ಯನದಕ್ಕಿಂತ ಕಡಿಮೆಯಾಗಿರುವುದೇ ಅವುಗಳ ಕಿತ್ತಳೆ ವರ್ಣಕ್ಕೆ ಕಾರಣ.

ಅಕ್ಟೋಬರ್ ಮೊದಲ ವಾರದಲ್ಲಿ ರಾತ್ರಿ ಎಂಟೂವರೆಯ ವೇಳೆಗೆ ಕರ್ನಾಟಕದಿಂದ ಇದು ಉತ್ತರದಲ್ಲಿ ಸುಮಾರು 65 ಅಂಶ ಎತ್ತರದಲ್ಲಿರುತ್ತದೆ. ಹಂಸದ ಬಾಲದ ಡೆನೆಬ್, ಎದೆಯ ಸದ್ರ್, ಪೂರ್ವದ ರೆಕ್ಕೆಯ ಪ್ರಕಾಶಮಾನ ತಾರೆ, ಈ ಮೂರನ್ನು ಗುರುತಿಸಿ, ಸದ್ರ್‌ಗೆ ಎದುರಾಗಿ ಸಮಾಂತರ ಚತುರ್ಭುಜದ ನಾಲ್ಕನೆಯ ಮೂಲೆಯನ್ನು ಕಲ್ಪಿಸಿಕೊಳ್ಳಬೇಕು. ದೀಪಗಳಿಲ್ಲದ ಊರಾಚೆ ಬರಿಗಣ್ಣಿಗೂ ಅಲ್ಲೊಂದು ಚುಕ್ಕೆ ಕಂಡೀತು; ಸಣ್ಣ ದೂರದರ್ಶಕದಲ್ಲಿ ಎರಡು ಕಿತ್ತಳೆ ಬಿಂದುಗಳು ಸ್ಪಷ್ಟವಾಗಿ ಬೇರ್ಪಡುತ್ತವೆ. ಬೆಸೆಲನು ಅಳೆದ ಎಡೆಯಿಂದ ಈ ಜೋಡಿಯು ಈಗಾಗಲೇ ಅರ್ಧ ಚಂದ್ರಬಿಂಬದಷ್ಟು ಮುಂದೆ ಸಾಗಿದೆ. ಆತನು ಆಧಾರವಾಗಿಟ್ಟುಕೊಂಡ ಮಂದ ತಾರೆಗಳು ಹಿಂದುಳಿದಿವೆ.