ಮಕ್ಕಳ ಉಬ್ಬಸ ಮತ್ತು ತಾಯಂದಿರ ಹೊರೆ

ರಾಷ್ಟ್ರಧ್ವಜದ ಖಾದಿಯಿಂದ ನಾಡಿಗೆಲ್ಲ ಪರಿಚಿತವಾದ ಧಾರವಾಡ ತಾಲೂಕಿನ ಗರಗದಲ್ಲಿ ನೂಲುವ ಕೈಗಳು ಬಹುತೇಕ ಹೆಣ್ಣುಮಕ್ಕಳವು. ನೂಲುವವರಿಗೆ ಕೂಲಿ ಸಲ್ಲುವದು ನೂತ ಲಡಿಗಳ ಲೆಕ್ಕದಿಂದ. ರಾಟಿ ನಿಂತ ದಿನ ಗಳಿಕೆಯೂ ನಿಂತಂತೆಯೇ. ಇಂಥ ಮನೆಯ ಕೂಸಿಗೆ ಬಿಡದ ಅಲರ್ಜಿಯ ಬೇನೆ ಅಂಟಿಕೊಂಡರೆ ಅದರ ಬೆಲೆಯನ್ನು ಮೊದಲು ತೆರುವವಳು ತಾಯಿ. ಆ ಬೆಲೆ ಯಾವ ದಫ್ತರದಲ್ಲಿಯೂ ದಾಖಲಾಗುವದಿಲ್ಲವಾದ್ದರಿಂದ ಈ ವಿಷಯವನ್ನು ವಾಚಕರ ಮುಂದಿಡುವದು ಅವಶ್ಯವೆಂದು ನಾವು ಭಾವಿಸುತ್ತೇವೆ.

ರಾತ್ರಿ ಕೂಸಿಗೆ ಉಬ್ಬಸವೇರಿದಾಗ ಅದನ್ನು ಎದೆಗಾನಿಸಿಕೊಂಡು ಕೂಡ್ರುವವಳು ಅವಳೇ. ಬೆಳಗಾದೊಡನೆ ನೀರು, ರೊಟ್ಟಿ, ಕೂಲಿಗಳು ಅವಳನ್ನು ಕಾದಿರುತ್ತವೆ. ದವಾಖಾನೆಗೆ ಹೋದ ದಿನ ಕೂಲಿ ತಪ್ಪುವದು. ಔಷಧದ ಖರ್ಚು ಕೂಡುವದು. ಉಳಿದ ಮಕ್ಕಳು ತಾಯಿಯ ಲಕ್ಷ್ಯಕ್ಕೆ ಎರವಾಗುವರು. ಇಷ್ಟರ ಮೇಲೆ, ಬಸುರಿಯಿದ್ದಾಗ ಪಥ್ಯ ಮೀರಿದಳೆಂಬ ದೂಷಣೆಯೂ ಅವಳ ಪಾಲಿಗೇ ಬರುತ್ತದೆ. ಆ ದೂಷಣೆಗೆ ಅಂಜಿ ಅವಳು ಹಾಲು, ತತ್ತಿ, ಶೇಂಗಾ, ಬಾಳೆಹಣ್ಣುಗಳನ್ನೆಲ್ಲ ಕೂಸಿಗೆ ನಿಲ್ಲಿಸುತ್ತಾಳೆ. ವೈದ್ಯರ ಪರೀಕ್ಷೆಯಿಲ್ಲದ ಇಂಥ ಪಥ್ಯದಿಂದ ಬೇನೆ ಹೋಗದೆ ಕೂಸೇ ಸೊರಗುತ್ತದೆ.

ಅಲರ್ಜಿ ಎಂಬ ಶಬ್ದವನ್ನು 1906ರಲ್ಲಿ ರೂಢಿಗೆ ತಂದವರು ವಿಯೆನ್ನಾದ ಮಕ್ಕಳ ವೈದ್ಯರಾದ ಕ್ಲೆಮೆನ್ಸ್ ಫಾನ್ ಪಿರ್ಕೆ. ಧೂಳು, ಪರಾಗ ಮುಂತಾದ ನಿರಪಾಯ ವಸ್ತುಗಳನ್ನು ಶರೀರವು ವೈರಿಯೆಂದು ಬಗೆದು ಹೋರಾಡುವದೇ ಅಲರ್ಜಿ. ಈ ಪ್ರವೃತ್ತಿಯು ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಬರಬಹುದು. ಹೀಗಿರಲು ಹೆತ್ತವಳೊಬ್ಬಳನ್ನೇ ಅಪರಾಧಿಯನ್ನಾಗಿ ಮಾಡುವದು ಶಾಸ್ತ್ರಕ್ಕೂ ನ್ಯಾಯಕ್ಕೂ ವಿರುದ್ಧವಾದದ್ದು.

ಉಬ್ಬಸವನ್ನು ಕೆರಳಿಸುವ ಕಾರಣಗಳಲ್ಲಿ ಹಲವು ಮನೆಯವರೆಲ್ಲರ ಕೈಯಲ್ಲಿವೆ. ಹಳೆಯ ಕೌದಿಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳು ಬೆಳೆಯುತ್ತವೆ. ಕೌದಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವದು ಗಂಡಸರಿಗೆ ಅಸಾಧ್ಯವಾದ ಕೆಲಸವೇನಲ್ಲ. ಒಲೆಯ ಹೊಗೆಯಂತೆ ಬೀಡಿಯ ಹೊಗೆಯೂ ಕೂಸಿನ ಶ್ವಾಸನಾಳಕ್ಕೆ ಶತ್ರುವೇ. ಪಡಸಾಲೆಯಲ್ಲಿ ಕುಳಿತು ಬೀಡಿ ಸೇದುತ್ತ, ಕೂಸು ಕೆಮ್ಮಿದಾಗ ಹೆಂಡತಿಯನ್ನು ಗದರಿಸುವ ತಂದೆಗೆ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಹಲವು ಕಾರಣಗಳು ಸಾರ್ವಜನಿಕ ಕರ್ತವ್ಯಕ್ಕೆ ಸೇರಿದವು. 1955ರ ಸುಮಾರಿಗೆ ಪುಣೆಯಲ್ಲಿ ಕಂಡುಬಂದ ಪಾರ್ಥೇನಿಯಮ್ ಕಸವು ಇಂದು ನಮ್ಮ ರಸ್ತೆಬದಿಗಳನ್ನೆಲ್ಲ ಆಕ್ರಮಿಸಿದೆ. ಅದರ ಪರಾಗದಿಂದ ಸೀನು, ನೆಗಡಿ, ಉಬ್ಬಸಗಳೂ, ಅದನ್ನು ಮುಟ್ಟಿದರೆ ಚರ್ಮದ ಬೇನೆಯೂ ಉಂಟಾಗುತ್ತವೆ. ಕರ್ನಾಟಕ ಸರಕಾರವು 1975ರಲ್ಲಿಯೇ ಅದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಘೋಷಣೆಯಿಂದ ಕಳೆ ಸಾಯುವದಿಲ್ಲ. ಹೂ ಬಿಡುವ ಮೊದಲೇ ಅದನ್ನು ಕೀಳಿಸುವ ಕಾರ್ಯವು ಪ್ರತಿ ಮಳೆಗಾಲದಲ್ಲಿಯೂ ನಡೆಯಬೇಕು.

ಔಷಧದ ವಿಷಯದಲ್ಲಿಯೂ ತಪ್ಪು ತಿಳುವಳಿಕೆಯಿದೆ. ಇನ್‌ಹೇಲರ್ ಚಟವಾಗುವದೆಂಬ ಭೀತಿಯಿಂದ ಅನೇಕರು ಅದನ್ನು ನಡುವೆಯೇ ಬಿಟ್ಟುಬಿಡುತ್ತಾರೆ. ವಾಸ್ತವದಲ್ಲಿ ಆ ಸಾಧನದಿಂದ ಅಲ್ಪ ಪ್ರಮಾಣದ ಔಷಧವು ನೇರವಾಗಿ ಶ್ವಾಸಕೋಶವನ್ನು ಸೇರುವದು. ಅದು ಚಟ ಹಿಡಿಸುವ ವಸ್ತುವಲ್ಲ. ಉಬ್ಬಸದ ಮುಖ್ಯ ಔಷಧಗಳು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿವೆ. ಅವು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸದಾ ದೊರೆಯುವಂತೆ ನೋಡಿಕೊಳ್ಳುವದೂ, ಬಳಸುವ ಕ್ರಮವನ್ನು ತಾಯಿಯೊಡನೆ ತಂದೆಗೂ ಕಲಿಸುವದೂ ಅಧಿಕಾರಿಗಳ ಹೊಣೆ.

ಕೂಸಿನ ಬೇನೆಯನ್ನು ಒಂದೇ ದಿನದಲ್ಲಿ ನೀಗಿಸುವದು ಯಾರಿಂದಲೂ ಆಗದು. ಆದರೆ ತಾಯಿಯ ಜಾಗರಣೆಯನ್ನು ಹಂಚಿಕೊಳ್ಳುವದು ಇಂದಿನ ರಾತ್ರಿಯಿಂದಲೇ ಸಾಧ್ಯ. ಮನೆಯ ಯಜಮಾನರು ಅಷ್ಟನ್ನಾದರೂ ಮಾಡಲಿ. ಉಳಿದುದನ್ನು ಸರಕಾರದಿಂದ ಕೇಳುವ ಅಧಿಕಾರ ಅವರಿಗೆ ಆಗ ತಾನಾಗಿ ಬರುವದು.