ಕಳ್ಳನಿಗೆ ಬೀಸಿದ ಬಲೆಗೆ ರೂಟರೂ ಬಿತ್ತು

ಚಂದಾ ಕಟ್ಟದೆ ಕೇಬಲ್ ಟಿ.ವಿ. ನೋಡುವವರನ್ನು ಹಿಡಿಯಲು ಅಮೆರಿಕದ ರಾಜ್ಯಗಳಲ್ಲಿ ಹಿಂದಿನಿಂದಲೂ ಕಾನೂನುಗಳಿದ್ದವು. 1998ರಲ್ಲಿ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆ (ಡಿಎಂಸಿಎ) ಇಡೀ ದೇಶಕ್ಕೆ ಅನ್ವಯವಾಗುವಂತೆ ಬಂತು. ಹಾಲಿವುಡ್ ಸ್ಟುಡಿಯೊಗಳ ಸಂಘಕ್ಕೆ ಅದೂ ಸಾಲಲಿಲ್ಲ. ಕೇಬಲ್ ಕಾನೂನನ್ನು ಅಂತರಜಾಲಕ್ಕೂ ಹಿಗ್ಗಿಸುವ ಮಾದರಿ ಮಸೂದೆಯೊಂದನ್ನು ಅದು ರಾಜ್ಯಗಳ ಮುಂದಿಟ್ಟಿತು. ವಿರೋಧಿಗಳು ಇದನ್ನು ‘ಸೂಪರ್ ಡಿಎಂಸಿಎ’ ಎಂದು ಕರೆದರು. ಇದೇ ಅಚ್ಚಿನ ಮಿಷಿಗನ್ ಕಾನೂನು 2003ರ ಮಾರ್ಚ್ 31ರಂದು ಜಾರಿಗೆ ಬಂತು.

ತೊಡಕಿದ್ದದ್ದು ಒಂದು ಅಂಶದಲ್ಲಿ. ಸಂದೇಶ ಎಲ್ಲಿಂದ ಹೊರಟಿತು, ಎಲ್ಲಿಗೆ ಹೊರಟಿತು ಎಂಬುದನ್ನು ಸೇವಾ ಕಂಪನಿಯಿಂದ ಮರೆಮಾಚುವ ಸಾಧನವನ್ನು ತಯಾರಿಸುವುದು, ಇಟ್ಟುಕೊಳ್ಳುವುದು ಅಪರಾಧವಾಯಿತು. ಆದರೆ ಭದ್ರತಾ ಸಾಧನಗಳ ಕಸುಬೇ ಮರೆಮಾಚುವುದು ಎಂದು ಪ್ರಿನ್ಸ್‌ಟನ್‌ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಆಗಲೇ ಎಚ್ಚರಿಸಿದರು. ಮನೆಯ ರೂಟರ್ ಒಳಗಿನ ಕಂಪ್ಯೂಟರ್‌ಗಳಿಗೆಲ್ಲ ಹೊರಗೆ ಒಂದೇ ವಿಳಾಸ ತೋರಿಸುತ್ತದೆ. ಫೈರ್‌ವಾಲ್‌ಗಳಲ್ಲೂ ಇದೇ ಉಪಾಯವಿದೆ. ಗೂಢಲಿಪಿಯ ಸಂಪರ್ಕದಲ್ಲಿ ಸಾಗುವ ಇಮೇಲ್ ಯಾರಿಗೆ ಎಂಬುದೂ ನಡುವಿನ ಕಂಪನಿಗೆ ಕಾಣದು. ಕಾನೂನಿನ ಅಕ್ಷರ ಹಿಡಿದು ಹೋದರೆ ಇವೆಲ್ಲವೂ ಕಳ್ಳಮಾಲೇ.

ರೂಟರ್ ಇಟ್ಟವರ ಮೇಲೆ ಯಾವ ಪೊಲೀಸರು ಕೇಸು ಹಾಕುತ್ತಾರೆ ಎಂದು ಕೇಳಬಹುದು. ಕೇಸು ಹಾಕಲೇಬೇಕಿಲ್ಲ, ಭಯವೇ ಸಾಕು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ನೀಲ್ಸ್ ಪ್ರೊವೊಸ್, ದಾಳಿಕೋರರನ್ನು ಸೆಳೆದು ಅಧ್ಯಯನ ಮಾಡುವ ತಮ್ಮ ತಂತ್ರಾಂಶವನ್ನು ನೆದರ್‌ಲ್ಯಾಂಡ್ಸ್‌ನ ಸರ್ವರ್‌ಗೆ ಸಾಗಿಸಿದರು. ಅಧಿಕಾರಿಯ ಔದಾರ್ಯವನ್ನು ನಂಬಿ ಯಾರೂ ಸಂಶೋಧನೆ ಮಾಡಲಾರರು. ಹಾಗಾದರೆ ಕಳ್ಳತನಕ್ಕೆ ಮದ್ದೇನು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಕದ್ದ ಸೇವೆ, ಕದಿಯುವ ಉದ್ದೇಶ ಎರಡನ್ನೂ ಸಾಬೀತು ಮಾಡಿ ಶಿಕ್ಷಿಸಲು ಅಡ್ಡಿಯಿಲ್ಲ. ಆ ಹೊಣೆ ತಪ್ಪಿಸಿಕೊಳ್ಳಲು ಸಾಧನವನ್ನೇ ಆರೋಪಿ ಮಾಡುವುದು ತಪ್ಪು.

ವಿರೋಧ ಬಲವಾದಾಗ ಸ್ಟುಡಿಯೊಗಳ ಸಂಘವೇ ಮಾದರಿ ಮಸೂದೆಗೆ ‘ವಂಚಿಸುವ ಉದ್ದೇಶ’ ಎಂಬ ಷರತ್ತು ಸೇರಿಸಿತು. ಕೊಲರಾಡೊದಲ್ಲಿ ಗವರ್ನರ್ ಬಿಲ್ ಓವೆನ್ಸ್ ಅಲ್ಲಿನ ಮಸೂದೆಗೆ ಸಹಿ ಹಾಕದೆ ತಳ್ಳಿಹಾಕಿದರು. ಭಾರತವೂ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಮು ಸೇರಿಸಿದಾಗ, ಡಿಜಿಟಲ್ ಬೀಗ ಮುರಿದವರಿಗೆ ಹಕ್ಕು ಉಲ್ಲಂಘಿಸುವ ಉದ್ದೇಶವಿದ್ದರೆ ಮಾತ್ರ ಶಿಕ್ಷೆ ಎಂದಿತು. ಗೂಢಲಿಪಿ ಸಂಶೋಧನೆಗೂ ಮಾಲೀಕರ ಒಪ್ಪಿಗೆ ಪಡೆದ ಭದ್ರತಾ ಪರೀಕ್ಷೆಗೂ ವಿನಾಯಿತಿ ಕೊಟ್ಟಿತು. ಉದ್ದೇಶವನ್ನು ಸಾಬೀತು ಮಾಡುವುದು ಕಷ್ಟ, ನಿಜ. ಆ ಕಷ್ಟ ದೂರುವವರ ಪಾಲಿಗಿರಲಿ, ರೂಟರ್ ಇಟ್ಟವರ ಪಾಲಿಗಲ್ಲ.